ಡಿಬಗ್ಗರಿಗೆ ಉತ್ತರ ಕೊಟ್ಟವರು

೨೦೨೩ನೆಯ ಇಸವಿ, ನನಗಾಗ ನಲವತ್ತೇಳು ವರ್ಷ. ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ನನ್ನ ತರಗತಿ ಮಕ್ಕಳಿಲ್ಲದೆ ಮುಚ್ಚಿದ ಬಳಿಕ ಪ್ರೋಗ್ರಾಮಿಂಗ್ ಕಲಿತು, ಕೋಪರಖೈರಣೆಯ ಒಂದು ಚಿಕ್ಕ ಸಾಫ್ಟ್‌ವೇರ್ ಕಚೇರಿಯನ್ನು ಸೇರಿದ್ದೆ. ಪ್ರೊಬೇಷನ್ನಿನ ಕೊನೆಯ ವಾರ, ಹೋಟೆಲುಗಳಿಗಾಗಿ ನಾವು ಮಾಡಿದ ಪ್ರೋಗ್ರಾಮಿನ ಒಂದು ದೋಷ ನನ್ನ ಪಾಲಿಗೆ ಬಂತು. ಹೋಟೆಲಿನ ಮಾಣಿ ಎರಡು ಮಸಾಲೆದೋಸೆ ಎಂದು ಒತ್ತಿದರೂ ಅಡುಗೆಮನೆಯ ಚೀಟಿಯಲ್ಲಿ ಒಂದೇ ಬರುತ್ತಿತ್ತು. ಶುಕ್ರವಾರದೊಳಗೆ ಕಾರಣ ಸಿಕ್ಕರೆ ನನ್ನ ಕೆಲಸ ಖಾಯಂ; ಸಿಗದಿದ್ದರೆ ಇಲ್ಲ.

ಆ ದೋಷವನ್ನು ತೋರಿಸುವ ಟೆಸ್ಟ್, ಅಂದರೆ ಪರೀಕ್ಷಿಸಿ ನೋಡುವ ಪುಟ್ಟ ಪ್ರೋಗ್ರಾಮು, ಒಂದನ್ನು ಬರೆದು, ಡಿಬಗ್ಗರಿನಲ್ಲಿ ಓಡಿಸಿದೆ. ಓಡುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ತಡೆದು, ಮುಂದೇನು ಎಂದು ನಮ್ಮನ್ನು ಕೇಳಿ ಕಾಯುವುದು ಡಿಬಗ್ಗರಿನ ಧರ್ಮ. ನನ್ನದು ಕಾಯಲೇ ಇಲ್ಲ. ಪರದೆಯ ತುಂಬ ‘೨’ ಎಂಬ ಅಂಕಿಯೇ ಸುರಿಯತೊಡಗಿತು.

ತಂಡದ ಮುಖ್ಯಸ್ಥರು ಉಡುಪಿಯ ಕಡೆಯವರು, ನನಗಿಂತ ಕಿರಿಯರು. ಹಿಂದೆ ಬಂದು ನಿಂತರು.

“ಎಂತ ಮಾಸ್ಟ್ರೆ, ಪಗಡೆ ಆಡ್ತಾ ಇದ್ದೀರಾ? ಬರೀ ಎರಡೇ ಬೀಳ್ತಾ ಉಂಟಲ್ಲ!”

“ಡಿಬಗ್ಗರ್ ನನ್ನ ಮಾತು ಕೇಳವಲ್ದರೀ.”

“ಇಲ್ಲಿ ಅದು ಯಾರ ಮಾತೂ ಕೇಳುದಿಲ್ಲ ಮಾರಾಯ್ರೆ. ನಾವೆಲ್ಲ ಅದಿಲ್ಲದೇ ನಡೆಸುದು. ಆ ಟೆಸ್ಟ್ ತೆಗ್ದುಬಿಡಿ, ಖಾಲಿಪೀಲಿ ಟೈಮ್ ಯಾಕೆ ಹಾಳು ಮಾಡುದು?”

“ತಗಿಯೂದಿಲ್ರೀ. ಟೆಸ್ಟಿನಾಗ ತಪ್ಪಿಲ್ಲ.”

ಮರುದಿನ ಕಚೇರಿಗೆ ಹೋಗುವಾಗ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ, ಬಾಗಿಲ ಬಳಿ ನಿಂತು ಯೋಚಿಸಿದೆ. ನಾನು ಕೀಲಿಮಣೆಯನ್ನು ಮುಟ್ಟಿಯೇ ಇರಲಿಲ್ಲ. ಆದರೂ ಡಿಬಗ್ಗರಿಗೆ ಉತ್ತರ ತಲುಪಿತ್ತು. ಹಾಜರಿ ಕೂಗುವಾಗ ಬಾರದ ಹುಡುಗನ ಪರವಾಗಿ ಹಿಂದಿನ ಬೆಂಚಿನಿಂದ ‘ಯೆಸ್ ಸರ್’ ಕೇಳಿಸಿದರೆ, ಕೂಗಿದವನು ಸಿಗುವವರೆಗೆ ನಾನು ಮುಂದಿನ ಹೆಸರನ್ನು ಓದುತ್ತಿರಲಿಲ್ಲ. ಇಲ್ಲಿಯೂ ಹುಡುಕಬೇಕಾದದ್ದು ಕೂಗಿದವನನ್ನೇ.

ಎಲ್ಲ ಟೆಸ್ಟುಗಳಿಗೂ ಮೊದಲು ಓಡುವ ಸಿದ್ಧತೆಯ ಫೈಲಿನಲ್ಲಿ ಅವನು ಸಿಕ್ಕ. ಬಳಸುವವರನ್ನು ಪ್ರಶ್ನಿಸಲೆಂದು ಪ್ರೋಗ್ರಾಮಿಂಗ್ ಭಾಷೆಯೊಡನೆಯೇ ಬರುವ ‘ಇನ್‌ಪುಟ್’ ಎಂಬ ಫಂಕ್ಷನ್, ಅಂದರೆ ಹೆಸರು ಹೇಳಿದರೆ ಓಡುವ ಸಿದ್ಧ ತುಣುಕು, ಒಂದಿದೆ. ಟೆಸ್ಟುಗಳು ಮನುಷ್ಯರ ಉತ್ತರಕ್ಕಾಗಿ ಕಾಯುತ್ತ ನಿಲ್ಲಬಾರದೆಂದು, ಅದರ ಜಾಗದಲ್ಲಿ ಸದಾ ‘೨’ ಎನ್ನುವ ನಕಲಿಯನ್ನು ಯಾರೋ ಕೂರಿಸಿದ್ದರು. ಡಿಬಗ್ಗರ್ ನನ್ನನ್ನು ಕೇಳುವುದೂ ಅದೇ ಇನ್‌ಪುಟ್ಟಿನ ಮೂಲಕ. ಅದರ ಪ್ರಶ್ನೆಗೂ ನಕಲಿಯೇ ಉತ್ತರಿಸುತ್ತಿತ್ತು.

ನಕಲಿಯನ್ನು ಅಳಿಸಿದೆ. ಎಷ್ಟು ತಿಂಡಿ ಬೇಕೆಂದು ಕೇಳಲು ನಮ್ಮದೇ ಫಂಕ್ಷನ್ ಬರೆದು, ಟೆಸ್ಟಿನಲ್ಲಿ ಅದಕ್ಕಷ್ಟೇ ನಕಲಿ ಉತ್ತರ ಕೊಟ್ಟೆ. ಹಳೆಯ ಟೆಸ್ಟುಗಳನ್ನೆಲ್ಲ ಒಂದೊಂದಾಗಿ ತಿದ್ದಬೇಕಾಯಿತು, ತಿದ್ದಿದೆ. ತಿದ್ದುವುದು ನನಗೆ ಹೊಸದಲ್ಲ.

ಆಮೇಲೆ ಡಿಬಗ್ಗರ್ ನಿಂತಿತು, ಕಾಯಿತು. ಸಾಲು ಸಾಲಾಗಿ ನಡೆಸಿದಾಗ ಕಾರಣ ಕಂಡಿತು: ಎಷ್ಟು ಎಂದು ಕೇಳುವ ಮೊದಲೇ ಪ್ರೋಗ್ರಾಮು ಒಂದೆಂದೇ ಎಣಿಸಿ ಚೀಟಿಯನ್ನು ಸಿದ್ಧಪಡಿಸುತ್ತಿತ್ತು. ಆ ಸಾಲುಗಳನ್ನು ಅದಲುಬದಲು ಮಾಡಿದೆ, ಟೆಸ್ಟ್ ಪಾಸಾಯಿತು.

ಮುಖ್ಯಸ್ಥರು ತಾವೇ ಓಡಿಸಿ ನೋಡಿದರು. “ಈಗ ಕೈಕಟ್ಟಿ ಕಾಯ್ತಾ ಉಂಟಲ್ಲ ಮಾಸ್ಟ್ರೆ, ನಿಮ್ಮ ಕ್ಲಾಸಿನ ಮಕ್ಕಳ ಹಾಗೆ!”

“ನನ್ನ ಮಕ್ಕಳು ಇಷ್ಟು ಶಾಣ್ಯಾ ಇರಲಿಲ್ರೀ.”

ನನ್ನ ಕೆಲಸ ಖಾಯಂ ಆದದ್ದು ೨೦೨೩ರ ಆಗಸ್ಟ್ ೧೧, ಶುಕ್ರವಾರ.