ಕಾಗದದ ತಟ್ಟೆ

ಅಮೆರಿಕದ ರಿಚರ್ಡ್‌ಸನ್ನಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಆಂಟಿ ಎರಡು ಊರುಗೋಲು ಹಿಡಿದು ನಡೆಯುತ್ತಿದ್ದರು, ಕೈಯಲ್ಲೇ ಬ್ರೇಕ್ ಹಾಕುವ ಕಾರು ಓಡಿಸುತ್ತಿದ್ದರು. ಹಬ್ಬದ ಪಾಟ್‌ಲಕ್ ಊಟಕ್ಕೆ ಯಾವ ಮನೆಯವರು ಏನು ತರಬೇಕೆಂದು ಗೋಡೆಗೆ ಅಂಟಿಸುತ್ತಿದ್ದ ಪಟ್ಟಿಯಲ್ಲಿ ಅವರ ಪಾಲಿಗೆ ಪ್ರತಿ ಸಲವೂ ಕಾಗದದ ತಟ್ಟೆ.

"ಪೋಲಿಯೊ ಆಗಿದ್ದು ಕಾಲಿಗಪ್ಪ, ಕೈಗಲ್ಲ. ಬಿಸಿಬೇಳೆಬಾತ್ ಅಂತ ಬರ್ಕೋ."

"ನಿಮಗ್ಯಾಕೆ ಆಂಟಿ ತೊಂದ್ರೆ?"

"ತೊಂದ್ರೆ ನನಗೋ, ನಿಮಗೋ?"

ಒಂದು ಹಬ್ಬಕ್ಕೆ, ಯುಗಾದಿಯೋ ದೀಪಾವಳಿಯೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ, ಅವರು ತಟ್ಟೆ ತರಲಿಲ್ಲ. ದೊಡ್ಡ ಪಾತ್ರೆ ತುಂಬ ಬಿಸಿಬೇಳೆಬಾತ್ ತಂದರು, ಜೊತೆಗೆ ತಮಗೊಂದು ಸ್ಟೀಲ್ ತಟ್ಟೆ. ನಾವೆಲ್ಲ ಬರಿಗೈಯಲ್ಲಿ ನಿಂತಿದ್ದಾಗ ಅವರು ಬಡಿಸಿಕೊಂಡು ಕೂತರು.

"ಪ್ಲೇಟ್ಸ್ ಎಲ್ಲಿ ಆಂಟಿ?"

"ಅಡುಗೆ ಮಾಡೋದ್ರಲ್ಲಿ ಟೈಮೇ ಆಗ್ಲಿಲ್ಲಪ್ಪ. ತಗೋ, ಮುಚ್ಚಳದಲ್ಲಿ ಹಾಕ್ಕೊಂಡು ತಿನ್ನು."

ಮುಚ್ಚಳದಲ್ಲಿ, ಲೋಟದಲ್ಲಿ, ಟಿಶ್ಯೂ ಮೇಲೆ ಹಾಕಿಕೊಂಡು ಪಾತ್ರೆಯ ತಳ ಕಾಣುವವರೆಗೂ ತಿಂದೆವು. ಇನ್ನೊಂದು ಸಲ ಮಾಡಿ ಎಂದೂ ಯಾರೋ ಹೇಳಿದಂತೆ ನೆನಪು.

ಮುಂದಿನ ಹಬ್ಬದ ಪಟ್ಟಿಯಲ್ಲಿ ತಟ್ಟೆಯ ಕೆಲಸ ಬೇರೆಯವರಿಗೆ ಹೋಗಿತ್ತು. ಆಂಟಿಯ ಹೆಸರಿನ ಮುಂದೆ ಇದ್ದದ್ದು "ಸುಮ್ಮನೆ ಬಂದರೆ ಸಾಕು." ಅದನ್ನು ಇನ್ಯಾರೋ ಬರೆದಿದ್ದರು ಎಂದುಕೊಳ್ಳಲು ಬಹಳ ಪ್ರಯತ್ನಿಸಿದ್ದೇನೆ. ಆದರೆ ಪಟ್ಟಿ ಬರೆಯುತ್ತಿದ್ದವನು ನಾನೊಬ್ಬನೇ.