ಕುಂಕುಮದ ಬಟ್ಟಲಲ್ಲಿ ಉಂಗುರ

ಹೊಳೆನರಸೀಪುರದ ಆ ಕೋವಿ ರಿಪೇರಿಯವರು ಈಗಲೂ ಕನಸಿಗೆ ಬರುತ್ತಾರೆ. ಮುಖ ನೋಡುವ ಮೊದಲು ನನ್ನ ಬೆರಳು ನೋಡುತ್ತಾರೆ. “ಉಂಗ್ರ ಬಿಚ್ಚಿ ಸಾ. ಆಮ್ಯಾಕೆ ಕೋವಿ ಮುಟ್ಟಿ.”

ಬೆಳೆ ಕಾಯುವ ಕೋವಿಗೆ ಲೈಸೆನ್ಸ್ ಪಡೆದ ರೈತರೇ ಅವರ ಗಿರಾಕಿಗಳು. ಯಾರು ಬಂದರೂ ಹಳೆಯ ಕುಂಕುಮದ ಬಟ್ಟಲೊಂದನ್ನು ಮುಂದೆ ಸರಿಸುತ್ತಿದ್ದರು. ಹವಳ, ನೀಲ, ಮದುವೆಯ ಚಿನ್ನ ಎಲ್ಲವೂ ಅದರಲ್ಲಿ ಒಂದರ ಮೈಮೇಲೊಂದು ಮಲಗಿರುತ್ತಿದ್ದವು. ಬಾಗಿಲ ಬಿಸಿಲು ಅವುಗಳಿಗೆ ತಾಗಿ ಗೋಡೆಯ ಮೇಲೆ ಮೀನಿನ ಹಾಗೆ ಆಡುತ್ತಿತ್ತು.

ಒಮ್ಮೆ ಹಳೇಕೋಟೆಯ ಯಜಮಾನರೊಬ್ಬರು ರಿಪೇರಿಯಾದ ಕೋವಿ ಒಯ್ಯಲು ಬಂದವರು ಕೈ ಹಿಂದೆ ಸರಿಸಿದರು. “ಸನಿ ಉಂಗ್ರ ಕಣಪ್ಪ. ನಲವತ್ತೆಂಟು ದಿನ ತೆಗೀಬ್ಯಾಡ ಅಂದವ್ರೆ ಜೋಯಿಸ್ರು.”

ರಿಪೇರಿಯವರು ಕೋವಿಯ ಕುದುರೆಯನ್ನು, ಮದ್ದಿಗೆ ಬಡಿಯುವ ಆ ಕೊಕ್ಕೆಯನ್ನು, ಮೆಲ್ಲಗೆ ಎಳೆದು ತೋರಿಸಿದರು. “ಇದ್ಕೆ ಉಂಗ್ರ ಸಿಕ್ಕಾಕ್ಕಂಡ್ರೆ, ಸನಿ ಬುಟ್ರೂ ಇದು ಬುಡಕಿಲ್ಲ. ನಲವತ್ತೆಂಟು ದಿನ ಬುಟ್ಟೇ ಬನ್ನಿ.” ಕೋವಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆ ಮಂಡಲ ಮುಗಿಯುವವರೆಗೂ ಯಜಮಾನರು ತಮಟೆ ಬಡಿದು ಹಂದಿ ಓಡಿಸಿದರಂತೆ.

ಮತ್ತೊಂದು ದಿನ ನಾನು ಅವರ ಬರಿಗೈ ನೋಡಿ ಕೇಳಿದೆ, “ನಿಮ್ಮ ಮದುವೆ ಉಂಗುರ ಎಲ್ಲಿ?”

ಅವರು ನಕ್ಕು ಅರ ಉಜ್ಜತೊಡಗಿದರು. ಟೀ ತಂದಿದ್ದ ಅವರ ಹೆಂಡತಿ ಸೆರಗಿನೊಳಗಿಂದ ತಾಳಿ ಎಳೆದು ತೋರಿಸಿದರು. ಜೊತೆಯಲ್ಲೊಂದು ಉಂಗುರ, ಒಂದು ಕಡೆ ಕತ್ತರಿಸಿ ಬಾಯಿ ಬಿಟ್ಟಿತ್ತು.

“ಕೋವಿ ಕುದ್ರೆಗೆ ಸಿಕ್ಕಾಕ್ಕಂಡು ಇವ್ರ ಬೆರಳು ಊದಿತ್ತು, ಆಸ್ಪತ್ರೇಲಿ ಉಂಗ್ರ ಕತ್ತರಿಸಿ ತೆಗುದ್ರು,” ಎಂದರು. “ಬೆರಳು ಉಳೀತಲ್ಲ, ಅದ್ಕೇ ಇದ್ನೂ ತಾಳಿ ಜತೆ ಕಟ್ಕೊಂಡಿವ್ನಿ.”