ಲಕ್ಕಿ ಗಿಡದ ಗುರುಪಾದಪ್ಪನವರು
ಪುಣೆಯ ಹಡಪಸರದ ನಮ್ಮ ಸೊಸೈಟಿಯ ಗೇಟಿನ ಪಕ್ಕ ಲಕ್ಕಿ ಗಿಡ ನೆಟ್ಟವರು ಧಾರವಾಡದ ಗುರುಪಾದಪ್ಪನವರು. ಯಾರಾದರೂ ಕುಂಟುತ್ತ ಬಂದರೆ ಸಾಕು, ಸೊಪ್ಪು ಮುರಿದು ಕೈಗಿಡುತ್ತಾರೆ: “ಬಿಸಿ ಮಾಡಿ ಮೊಣಕಾಲಿಗೆ ಕಟ್ರಿ, ನಾಳೆ ಸಿಂಹಗಡ ಹತ್ತತೀರಿ!” ಮರಾಠಿಯವರಿಗೆ ಅದೇ ಮಾತು ನಿರ್ಗುಡಿಯ ಹೆಸರಿನಲ್ಲಿ. ನೆಗಡಿ, ಸೊಳ್ಳೆ, ಸೊಸೆಯ ಸಿಟ್ಟು, ಎಲ್ಲಕ್ಕೂ ಲಕ್ಕಿಯೇ ಮದ್ದು. ನಸುನೀಲಿ ಹೂ ಬಿಟ್ಟಾಗಲಂತೂ ಮಗಳ ಮದುವೆಗೆ ಕರೆದಂತೆ ಎಲ್ಲರನ್ನೂ ಕರೆದು ತೋರಿಸುತ್ತಾರೆ. ಕೋವಿಡ್ ಬಂದಾಗಿನಿಂದ ಯಾವ ವಾಸನೆಯೂ ತಿಳಿಯದ ಹೆಂಡತಿ ಶಾಂತವ್ವನವರನ್ನು ದಿನಾ ಬೆಳಿಗ್ಗೆ ಗಿಡದ ಕಟ್ಟೆಯ ಮೇಲೆ ಕೂರಿಸಿ, ಎಲೆ ತಿಕ್ಕಿ ಮೂಗಿಗೆ ಹಿಡಿಯುತ್ತಾರೆ. “ವಾಸನಿ ಬಂತೇನ?” “ಬಂತ್ರಿ.” ಮೊನ್ನೆ ನನ್ನೊಡನೆ ಮಾತಾಡುತ್ತ ಎಲೆ ಕೀಳುವುದನ್ನೇ ಮರೆತು ಆಕೆಯ ಮೂಗಿಗೆ ಬರಿಗೈ ಹಿಡಿದರು. ಆಕೆ ಕಣ್ಣು ಮುಚ್ಚಿಕೊಂಡೇ, “ಇವತ್ತ ಭಾಳ ಜೋರ ಅದರಿ” ಅಂದರು. ಗುರುಪಾದಪ್ಪನವರು ನಗುತ್ತ ಆ ಬರಿಗೈಯನ್ನು ಇನ್ನಷ್ಟು ಹೊತ್ತು ಅಲ್ಲೇ ಹಿಡಿದರು.